ಮೆಣಸಿನಕಾಯಿ ಗೋದಾಮಿನಲ್ಲಿ ಸಮುದ್ರ

ಮೊದಲೇ ಹೇಳಿಬಿಡುತ್ತೇನೆ: ಆ ಮಧ್ಯಾಹ್ನ ಬ್ಯಾಡಗಿಯಲ್ಲಿ ನಡೆದ ಗದ್ದಲಕ್ಕೆಲ್ಲ ಕಾರಣ ನಾನು. ಮೆಣಸಿನಕಾಯಿಯ ಘಾಟಿನದೂ ಸ್ವಲ್ಪ ಕೈವಾಡವಿತ್ತು ನಿಜ, ಆದರೆ ಮೆಣಸಿನಕಾಯಿಗೆ ಬುದ್ಧಿ ಇರಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ನನಗೆ ಇರಬೇಕಿತ್ತು. ಕಂಡಕಂಡವರನ್ನು ಅಣಕಿಸುವ ಚಟದವನಿಗೆ ಒಂದು ತೊಂದರೆ ಇದೆ. ಜನ ನಗುತ್ತಾರೆ; ನಕ್ಕ ಮೇಲೆ ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯುವುದಿಲ್ಲ. ಹಾವೇರಿ ಬಸ್‌ಸ್ಟ್ಯಾಂಡಿನ ಕಂಡಕ್ಟರನ ಹಾಗೆ ಮೂಗಿನಿಂದ "ಮೋಟೆಬೆನ್ನೂರ, ರಾಣೇಬೆನ್ನೂರ" ಎಂದು ನಾನು ಎಷ್ಟು ಚೆನ್ನಾಗಿ ಕೂಗುತ್ತಿದ್ದೆನೆಂದರೆ, ಒಮ್ಮೆ ಒಬ್ಬ ಅಜ್ಜಿ ಗಂಟು ಹೊತ್ತುಕೊಂಡು ಮನೆಯವರೆಗೂ ನನ್ನ ಬೆನ್ನು ಹತ್ತಿ, "ಬಸ್ಸು ಎಲ್ಲಿ ನಿಲ್ಲಿಸಿದ್ಯೋ ತಮ್ಮಾ?" ಎಂದು ಕೇಳಿದ್ದಳು. ನಮ್ಮದು ಬಾಡಿಗೆ ಮೈಕ್‌ಸೆಟ್ಟಿನ ಅಂಗಡಿ. ಅಪ್ಪ "ಹಲೋ" ಅನ್ನುವ ಮೊದಲು ಗಂಟಲು ಸರಿಮಾಡಿಕೊಳ್ಳುವ ರಾಗವನ್ನು ಅವರದೇ ಮೈಕಿನಲ್ಲಿ ಅವರಿಗೇ ಕೇಳಿಸಿ ಪೆಟ್ಟು ತಿಂದವನು ನಾನು. ಅಷ್ಟಾದರೂ ಕಲಿಯಲಿಲ್ಲ.

ನಮ್ಮ ಓಣಿಯ ಸಲೀಂ ಭಾಯ್ ಆಸ್ಟ್ರೇಲಿಯಾದಿಂದ ರಜೆಗೆ ಬಂದಿದ್ದ. ರಾಣೇಬೆನ್ನೂರಿನಲ್ಲಿ ಪಂಪ್‌ಸೆಟ್ ರಿಪೇರಿ ಕಲಿತವನು, ಮುಂಬೈಗೆ ಹೋಗಿ ಹಡಗು ಹತ್ತಿ, ಕೊನೆಗೆ ಆ ದೇಶದಲ್ಲಿ ಪ್ರವಾಸಿಗಳನ್ನು ಹವಳದ ದಿಬ್ಬಗಳಿಗೆ ಕರೆದೊಯ್ಯುವ ದೋಣಿಯೊಂದರ ಎಂಜಿನ್ ನೋಡಿಕೊಳ್ಳುತ್ತಿದ್ದ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಪ್ರವಾಸಿಗಳು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ದುಡುಂ ಅಂತ ಬೀಳುವುದನ್ನು ನೋಡಿ ನೋಡಿ, ತಾನೂ ಬೀಳಲು ಕಲಿತ. ಆಮೇಲೆ ನೀರೊಳಗೆ ಫೋಟೋ ಹಿಡಿಯುವ ಕ್ಯಾಮೆರಾ ಕೊಂಡ. ಈ ಸುದ್ದಿ ಕೇಳಿದ ಅವನ ತಾಯಿ ಹುಸೇನಬಿ ಖಾಲಾ ಊಟ ಬಿಟ್ಟಿದ್ದರು. ಖಾಲಾ ಹೊಳೆದಂಡೆಯ ಐರಣಿಯವರು. ಅವರ ತಮ್ಮನನ್ನು ಚಿಕ್ಕಂದಿನಲ್ಲೇ ತುಂಗಭದ್ರೆ ಎಳೆದುಕೊಂಡಿದ್ದಳು. ಮಗ ಬಂದ ದಿನವೇ ಖಾಲಾ ತಮ್ಮ ಮಾತು ಹೇಳಿಬಿಟ್ಟರು: "ಎಂಜಿನ್ ಕೆಲಸಕ್ಕ ಬೇಕಾರ ಹೋಗು. ನೀರಿಗೆ ಇಳಿಯಂಗಿಲ್ಲ ಅಂತ ನನ್ನ ತಲಿ ಮ್ಯಾಲೆ ಕೈ ಇಟ್ಟು ಹೇಳು."

ತಾಯಿಯ ತಲೆಯ ಮೇಲೆ ಕೈಯಿಟ್ಟು ಆಡಿದ ಮಾತನ್ನು ಮುರಿಯುವ ಮನುಷ್ಯ ಸಲೀಂ ಭಾಯ್ ಅಲ್ಲ. ಅದಕ್ಕೇ ಅವನು ಕೈ ಇಡಲೇ ಇಲ್ಲ. "ಅಮ್ಮಿ, ನಾ ಅಲ್ಲಿ ಏನ್ ನೋಡ್ತೀನಿ ಅನ್ನೂದನ್ನ ನೀ ಒಮ್ಮೆ ನೋಡು. ಆಮ್ಯಾಲೆ ನೀ ಹೇಳಿದಂಗ" ಎಂದ. ಖಾಲಾ ಒಪ್ಪಿದರು. ಅಂದರೆ, ಅವನ ಸಮುದ್ರ ಇನ್ನು ಇರುತ್ತದೋ ಇಲ್ಲವೋ ಎಂಬುದು ಒಂದು ಸ್ಲೈಡ್ ಶೋ ಮೇಲೆ ನಿಂತಿತು.

ಹಗಲಲ್ಲೇ ಕತ್ತಲೆ ಬೇಕಿತ್ತು. ಸಲೀಂ ಭಾಯಿಯ ಅಣ್ಣ ಮಕ್ತುಮ್‌ಸಾಬರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲರು. ಅವರ ಗೋದಾಮಿನ ಕಿಟಕಿಗಳಿಗೆ ಗೋಣಿಚೀಲ ಹೊಡೆದೆವು. ಎದುರಿಗೆ ಬಿಳಿ ಚಾದರ ಕಟ್ಟಿದೆವು. ಮೈಕ್ ಬೇಕೆಂದು ಯಾರೂ ಕೇಳಿರಲಿಲ್ಲ. ನಾನೇ ಹೊತ್ತು ತಂದೆ. "ನೀರಾಗ ಏನೇನ್ ಕೇಳತೈತಿ ಭಾಯ್?" ಎಂದು ವಿಚಾರಿಸಿದರೆ ಅವನು, "ಏನೂ ಇಲ್ಲೋ. ನಮ್ಮ ಉಸಿರೊಂದ ಜೋರಾಗಿ ಕೇಳತೈತಿ" ಅಂದ. ಸಾಕಲ್ಲ! ಎಳೆಯುವಾಗ ಒಂದು ಸುಯ್ಯೆನ್ನುವ ಸದ್ದು, ಬಿಡುವಾಗ ಗುಳ್ಳೆಗಳ ಬುಳುಬುಳು. ನಾನು ಮಾಡಿ ತೋರಿಸಿದಾಗ ಸಲೀಂ ಭಾಯಿಯೇ ಒಂದು ಸಲ ತನ್ನ ಬೆನ್ನು ಮುಟ್ಟಿ ನೋಡಿಕೊಂಡ, ಸಿಲಿಂಡರ್ ಇದೆಯೇನೋ ಎಂಬಂತೆ.

ಗೋದಾಮು ತುಂಬಿತು. ದೀಪ ಆರಿತು. ನಾನು ಮೈಕಿನ ಮುಂದೆ ಕುರ್ಚಿ ಎಳೆದುಕೊಂಡು ಉಸಿರಾಡತೊಡಗಿದೆ. ಬಾಯಿಂದ ಉಸಿರಾಡುವ ಜಾಗ ಅದಲ್ಲ ಎಂಬುದು ಕೂಡಲೇ ಗೊತ್ತಾಯಿತು. ಗಂಟಲಿಗೆ ಯಾರೋ ಒಗ್ಗರಣೆ ಹಾಕಿದಂತಾಯಿತು. ಕಲಾವಿದ ನೋಡಿ, ಸಹಿಸಿದೆ.

ಚಾದರದ ಮೇಲೆ ಬಿದ್ದ ಮೊದಲ ಚಿತ್ರಕ್ಕೇ ಸೀನುತ್ತಿದ್ದವರೂ ಸೀನು ತಡೆದರು. ನೇರಳೆ, ಹಳದಿ, ಪಾಚಿ ಬಣ್ಣದ ಹವಳ. ಯಾರೂ ನೀರು ಹಾಕದ, ಯಾರೂ ಕಳೆ ಕೀಳದ ತೋಟ. ಅದರ ನಡುವೆ ಅಂಗೈ ಅಗಲದ ಮೀನುಗಳು ದೀಪಾವಳಿಯ ಕಿಡಿಗಳ ಹಾಗೆ ಚದುರಿ ನಿಂತಿದ್ದವು. ಆಮೇಲೆ ಆಳೆತ್ತರದ, ದಪ್ಪ ತುಟಿಯ ಒಂದು ಮೀನು ಬಂತು. ನಾನು ಸುಮ್ಮನಿರಬೇಕಲ್ಲ? ಮಕ್ತುಮ್‌ಸಾಬರ ದನಿಯಲ್ಲಿ, "ಯಾರ್ರೀ ಅಂವಾ, ನನ್ನ ಮಾಲಿಗೆ ರೇಟ್ ಕಡಿಮಿ ಹಚ್ಚಿದಾಂವಾ?" ಅಂದೆ. ಗೋದಾಮು ನಕ್ಕಿತು. ಮಕ್ತುಮ್‌ಸಾಬರೂ ನಕ್ಕರು, ಆದರೆ ಆ ಮೀನಿನ ತುಟಿಯನ್ನು ಮತ್ತೊಮ್ಮೆ ನೋಡಿದ ಮೇಲೆ.

ಅವರು ನಿಜವಾಗಿ ಸಿಟ್ಟಾದದ್ದು ಮುಂದಿನ ಚಿತ್ರಕ್ಕೆ. ಬೂದಿ ಬಣ್ಣದ ಒಂದು ಹವಳದ ಟೊಂಗೆ. "ಇದರ ಖರೇ ಬಣ್ಣ ಕೆಂಪು" ಎಂದ ಸಲೀಂ ಭಾಯ್. "ಆಳಕ್ಕ ಹೋದಂಗ ಕೆಂಪು ಕಾಣಂಗಿಲ್ಲ. ನಮ್ಮ ಬ್ಯಾಡಗಿ ಕಾಯಿ ಒಯ್ದರೂ ಅಷ್ಟ, ಕರ್ರಗ ಕಾಣತೈತಿ."

"ಏ, ಸುಮ್ನಿರೋ!" ಮಕ್ತುಮ್‌ಸಾಬರು ಎದ್ದು ನಿಂತರು. "ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾಗಿದ್ದು. ಅದನ್ನ ಕರ್ರಗ ಮಾಡೂ ಸಮುದ್ರ ಯಾವದಲೇ?"

"ಬಣ್ಣ ಎಲ್ಲೂ ಹೋಗಂಗಿಲ್ಲ ಭಾಯಿಜಾನ್. ಬಿಸಲಿನ ಕೆಂಪು ಅಷ್ಟು ಕೆಳಗ ಮುಟ್ಟಂಗಿಲ್ಲ. ಈಗ ನೋಡ್ರಿ, ಇದಕ್ಕ ಫ್ಲ್ಯಾಶ್ ಹೊಡದೇನಿ."

ಚಾದರ ಧಗ್ಗನೆ ಕೆಂಪಾಯಿತು. ಅದೇ ಟೊಂಗೆ, ಈಗ ಕೆಂಡ. ಯಾರ ಕಣ್ಣಿಗೂ ಬೀಳದೆ ಅಷ್ಟು ಕೆಂಪು ಅಲ್ಲಿ ಕತ್ತಲಲ್ಲಿ ಬೆಳೆಯುತ್ತಾ ಇತ್ತೆಂದರೆ ಯಾರಿಗಾಗಿ? ಜನ್ಮವಿಡೀ ಕೆಂಪು ಬಣ್ಣವನ್ನೇ ತೂಗಿ ಮಾರಿದ ಮಂದಿ ಬಾಯಿ ತೆರೆದು ನೋಡಿದರು. ಮಕ್ತುಮ್‌ಸಾಬರು ಮತ್ತೆ ಕುಳಿತರು.

ಆಮೇಲೆ ಮ್ಯಾಂಟಾ ಬಂತು. ಮೀನು ಅಂತಾರೆ; ನನಗೆ ಹಾಗನ್ನಿಸಲಿಲ್ಲ. ಮದುವೆ ಪಂಕ್ತಿಗೆ ಹಾಸುವ ಜಮಖಾನೆಯೊಂದು ಜೀವ ತಳೆದು ರೆಕ್ಕೆ ಬಿಚ್ಚಿದ ಹಾಗೆ ಅದು ನೀಲಿಯ ನಡುವೆ ತೇಲುತ್ತಿತ್ತು. ಕೆಳಗಿನಿಂದ ತೆಗೆದ ಚಿತ್ರ. ಬಿಳಿ ಹೊಟ್ಟೆ, ಅದರಾಚೆ ಚೂರುಚೂರಾದ ಸೂರ್ಯ. ಅಣಕಿಸಲು ಬಾರದ ಒಂದು ಜೀವವನ್ನು ನಾನು ಕಂಡದ್ದು ಅದೇ ಮೊದಲು. ನೋಡುತ್ತಾ ಕುಳಿತೆ. ಉಸಿರಾಡುವುದು ನನ್ನ ಕೆಲಸ ಎಂಬುದೇ ಮರೆತುಹೋಯಿತು.

ಗೋದಾಮಿನ ತುಂಬ ಕೇಳುತ್ತಿದ್ದ ಉಸಿರು ನಿಂತಿತು.

"ಸಲೀಂ!" ಖಾಲಾ ಚೀರಿದರು. ಆ ಕೂಗಿಗೆ ಬೆಚ್ಚಿ ನಾನು ಗಟ್ಟಿಯಾಗಿ ಉಸಿರೆಳೆದುಕೊಂಡೆ. ಆ ಉಸಿರಿನೊಂದಿಗೆ ಗೋದಾಮಿನ ಘಾಟೂ ಒಳಗೆ ಹೋಯಿತು. ಮುಂದೆ ಮೈಕಿನಲ್ಲಿ ಹೊರಟ ಕೆಮ್ಮು, ಬಿಕ್ಕು, ಗೊರಗೊರ ಸದ್ದು ನೀರು ಕುಡಿದು ಸಾಯುವವನದೇ ಆಗಿತ್ತು. ನನ್ನ ಜೀವಮಾನದ ಅತ್ಯುತ್ತಮ ಅನುಕರಣೆ, ಬೇಡದ ಹೊತ್ತಿನಲ್ಲಿ. ಖಾಲಾ ಚಪ್ಪಲಿ ಬಿಟ್ಟು, ಕುಳಿತವರನ್ನು ತುಳಿದುಕೊಂಡು, ಮಗನನ್ನು ಹೊರಗೆಳೆಯಲು ಚಾದರದ ಕಡೆಗೇ ಓಡಿದರು.

"ಅಮ್ಮಿ, ನಾ ಇಲ್ಲೇ ಅದೀನಿ!" ಎಂದು ಸಲೀಂ ಭಾಯ್ ಹಿಂದಿನಿಂದ, ಪ್ರೊಜೆಕ್ಟರ್ ಪಕ್ಕದಿಂದ ಕೂಗಿದ.

ಖಾಲಾ ತಿರುಗಿದರು. ಬೆಳಕು ಪೂರ್ತಿ ಅವರ ಮೇಲೆ. ಅವರ ಬಿಳಿ ಸೆರಗಿನ ತುಂಬ ಸಮುದ್ರ. ಮ್ಯಾಂಟಾ ಈ ಭುಜದಿಂದ ಆ ಭುಜಕ್ಕೆ ಹರಡಿ ನಿಂತಿತ್ತು. ಖಾಲಾ ತಮ್ಮ ಕೈ ನೋಡಿಕೊಂಡರು, ನೀಲಿ. ಮೆಲ್ಲಗೆ ಕೈ ಎತ್ತಿದರು. ಅದರ ರೆಕ್ಕೆ ಅವರ ತೋಳಿನ ಉದ್ದಕ್ಕೂ ಮಲಗಿತು. ನಾನು ಕೆಮ್ಮನ್ನು ಟವೆಲಿನಲ್ಲಿ ಹೂತೆ.

"ಇದು ನಿನ್ನ ನೋಡಿತೇನೋ?" ಎಂದು ಖಾಲಾ ಕೇಳಿದರು.

"ಹೂಂ ಅಮ್ಮಿ. ನೋಡಿ, ತಲಿ ಮ್ಯಾಲಿಂದ ಹಾದು ಹೋತು."

"ಅಂಜಿಕಿ ಬರಲಿಲ್ಲ?"

"ಮೊದಲ ಬಂತು. ಆಮ್ಯಾಲೆ ನಮಾಜಿಗೆ ನಿಂತಂಗ ಆತು."

ಖಾಲಾ ತೋಳಿನ ಮೇಲಿನ ರೆಕ್ಕೆಯನ್ನೊಮ್ಮೆ ಸವರಿದರು. ಕೊನೆಗೆ, "ಒಬ್ಬನ ಇಳೀತಿ ಏನ?" ಎಂದರು.

"ಇಲ್ಲ ಅಮ್ಮಿ, ಯಾವಾಗಲೂ ಜೋಡಿ ಬೇಕು. ನನ್ನ ಗಾಳಿ ಅಂವಾ ನೋಡತಾನ, ಅವನ ಗಾಳಿ ನಾ. ಒಬ್ಬಂದು ಮುಗದರ ಇನ್ನೊಬ್ಬ ತನ್ನದರಾಗ ಕೊಡತಾನ."

ಖಾಲಾರ ಮುಖ ಸಡಿಲಾದದ್ದು ಆ ನೀಲಿಯಲ್ಲೂ ಕಾಣಿಸಿತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನಾನು ನಾನಾಗುತ್ತಿರಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತಾ ಮೈಕಿಗೆ ಬಾಯಿಟ್ಟು, "ಚಿಂತಿ ಬಿಡ್ರಿ ಖಾಲಾ, ಬೇಕಾರ ನಾನ ಹೋಗ್ತೇನಿ, ಸಲೀಂ ಭಾಯಿಗೆ ಜೋಡಿಯಾಗಿ!" ಎಂದೆ.

ಖಾಲಾ ಸೆರಗಿನ ಮ್ಯಾಂಟಾ ಸಮೇತ ನನ್ನ ಕಡೆ ತಿರುಗಿದರು.

"ಅಂವಾ ಸಮುದ್ರದ ತಳದಾಗ ಉಸಿರಾಡಿ ಬಂದಾನ, ನೀ ಕುರ್ಚಿ ಮ್ಯಾಲೆ ಕುಂತು ಉಸಿರಾಡೂದು ಮರತಿ! ಸಲೀಂ, ನೀ ಹೋಗಿ ಬಾ ಬೇಟಾ, ಜೋಡಿಗೆ ಮಾತ್ರ ಇವನ್ನ ಕರಕೋಬ್ಯಾಡ."