ಬೈದರೆ ಉಳಿಯುವ ಊರು

ಸುಮಿತ್ರಾಗೆ ಒಂದು ಊರು ಇಷ್ಟವಾಯಿತೆಂದರೆ ಮುಗಿಯಿತು, ಆ ಊರಿನ ಅನ್ನನೀರಿನ ಋಣ ತೀರಿತೆಂದೇ ಅರ್ಥ. ಗಂಡ ಅಶ್ವತ್ಥನ ಬ್ಯಾಂಕಿನವರು ಅದೆಲ್ಲಿ ಅವಿತು ಕೇಳಿಸಿಕೊಳ್ಳುತ್ತಿದ್ದರೋ ಏನೋ, "ಈ ಊರು ಪರವಾಗಿಲ್ಲ ಕಣ್ರೀ" ಎಂಬ ಮಾತು ಅವಳ ಬಾಯಿಂದ ಬಿದ್ದ ತಿಂಗಳೊಳಗೆ ವರ್ಗದ ಆರ್ಡರ್ ಬರುತ್ತಿತ್ತು. ಹದಿನಾರು ವರ್ಷದ ಸಂಸಾರಕ್ಕೆ ಆರು ಊರು. ಬೀರುವಿಗೆ ಈಗ ಮೂರೇ ಕಾಲು. (ನಾಲ್ಕನೆಯದು ಯಾವ ಊರಿನ ಲಾರಿಯಲ್ಲಿ ಉಳಿಯಿತೆಂಬ ಬಗ್ಗೆ ದಂಪತಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.)

ವಿಶಾಖಪಟ್ಟಣದ ಗಾಜುವಾಕದಲ್ಲಿ ಆದದ್ದೂ ಅದೇ. ಹೋದ ಹೊಸದರಲ್ಲಿ ಪಕ್ಕದ ಮನೆಯ ಲಕ್ಷ್ಮೀಕಾಂತಮ್ಮನಿಗೆ, ತಾನು ಕಲಿತ ನಾಲ್ಕೇ ನಾಲ್ಕು ತೆಲುಗು ಮಾತಿನಲ್ಲಿ, "ಸಾರು ಪಂಪಿಸ್ತಾನು, ವೇಡಿಗಾ ಉಂದಿ" ಅಂದಿದ್ದಳು. ಬಿಸಿಬಿಸಿ ಸಾರು ಕಳಿಸುತ್ತೇನೆ ಅಂತ ಇವಳ ಲೆಕ್ಕ. ತೆಲುಗಿನವರಿಗೆ ಸಾರು ಅಂದರೆ ಸಾಹೇಬರು! ಪಾಪ, ಆಕೆ ಬಿಸಿಯೇರಿದ ಸಾಹೇಬರಿಗಾಗಿ ಕುರ್ಚಿ ಒರೆಸಿ, ಮಜ್ಜಿಗೆ ಇಟ್ಟುಕೊಂಡು ಕೂತಳು. ಹೋದದ್ದು ಒಂದು ತಂಬಿಗೆ ಬೇಳೆಸಾರು. ಅಲ್ಲಿಂದ ಶುರುವಾದ ಸ್ನೇಹ ಮೂರು ವರ್ಷ ನಡೆದು, ಒಂದು ಸಂಜೆ ಸಮುದ್ರದ ದಂಡೆಯಲ್ಲಿ ಕೂತು ಸುಮಿತ್ರಾ, "ಇಲ್ಲೇ ಇದ್ದುಬಿಡೋಣ ಅನ್ಸುತ್ತೆ" ಅಂದುಬಿಟ್ಟಳು. ಹನ್ನೊಂದನೇ ದಿನ ವಿಜಯವಾಡಕ್ಕೆ ವರ್ಗ. ಲಾರಿ ಹೊರಟಾಗ ಅವಳೂ ಲಕ್ಷ್ಮೀಕಾಂತಮ್ಮನೂ ಅತ್ತದ್ದಕ್ಕೆ ಲಾರಿ ಡ್ರೈವರನ ಕಣ್ಣಲ್ಲೂ ನೀರು ಬಂತು.

ಹಾಗಾಗಿ ವಿಜಯವಾಡದ ಪಟಮಟದಲ್ಲಿ ಕಾಲಿಟ್ಟ ದಿನವೇ ಅವಳು ಭೀಷ್ಮಪ್ರತಿಜ್ಞೆ ಮಾಡಿದಳು. ಮಗಳು ಗಿರಿಜಾ ಈಗ ಒಂಬತ್ತಕ್ಕೆ ಸೇರಿ, ಮುಂದಿನ ವರ್ಷ ಹತ್ತನೇ ಕ್ಲಾಸಿಗೆ ಬರಲಿದ್ದಳು. ಐದು ಸ್ಕೂಲು ಕಂಡ ಹುಡುಗಿ ಹತ್ತನ್ನಾದರೂ ಒಂದೇ ಬೆಂಚಿನಲ್ಲಿ ಮುಗಿಸಬೇಡವೇ? ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಈ ಊರನ್ನು ಇಷ್ಟಪಡತಕ್ಕದ್ದಲ್ಲ.

ಬೈಗುಳದ ನಿತ್ಯಸೇವೆ ಬೆಳಗಿನ ಕಾಫಿಗೇ ಶುರು.

"ಇದೂ ಒಂದು ಊರೇನ್ರೀ? ಒಲೆ ಹಚ್ಚೋದೇ ಬೇಡ, ಅಕ್ಕಿ ಕಿಟಕೀಲಿಟ್ರೆ ಬೇಯುತ್ತೆ!"

"ರೆಂಟಚಿಂತಲಕ್ಕಿಂತ ವಾಸಿ ಕಣೆ," ಎಂದು ಅಶ್ವತ್ಥ ಪೇಪರಿನ ಹಿಂದಿನಿಂದ ಹೇಳುತ್ತಿದ್ದ. ಬೇಸಿಗೆಯಲ್ಲಿ ರೇಡಿಯೋ ವಾರ್ತೆ ಹಾಕಿದರೆ ಸಾಕು, ರಾಜ್ಯದಲ್ಲೇ ಅತಿ ಹೆಚ್ಚು ಬಿಸಿಲು ಅಂತ ಆ ಊರಿನ ಹೆಸರೇ ಬರುತ್ತಿತ್ತು. "ಅಲ್ಲಿ ನಮಗಿಂತ ಎರಡು ಡಿಗ್ರಿ ಜಾಸ್ತಿ."

"ನಿಮಗೇನು, ಬ್ಯಾಂಕಲ್ಲಿ ಫ್ಯಾನಿನ ಕೆಳಗೆ ಕೂತಿರ್ತೀರಿ!"

ಹೀಗೆ ಬಾಯಿ ಬೈಯುತ್ತಿತ್ತು, ಮನಸ್ಸು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಕೆಳಗಿನ ಮನೆಯ ರಾಜ್ಯಲಕ್ಷ್ಮಿ ಕೊಟ್ಟ ಗೋಂಗೂರ ಪಚ್ಚಡಿಯನ್ನು, ಅದೇ ಪುಂಡಿಸೊಪ್ಪಿನ ಚಟ್ನಿಯನ್ನು, ಸುಮಿತ್ರಾ ಅಡುಗೆಮನೆ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದಳು. ಭವಾನಿಪುರಂವರೆಗೆ ಸಿಟಿ ಬಸ್ಸಿನಲ್ಲಿ ಹೋಗಿ ಕೃಷ್ಣೆಯ ದಡದಲ್ಲಿ ಗಾಳಿಗೆ ಮುಖವೊಡ್ಡಿ ನಿಂತು, ಮನೆಗೆ ಬಂದು "ಥೂ, ಎಂಥಾ ಧೂಳು" ಅನ್ನುತ್ತಿದ್ದಳು. ಈ ಗುಟ್ಟು ಗೊತ್ತಿದ್ದದ್ದು ರಾಜ್ಯಲಕ್ಷ್ಮಿಗೊಬ್ಬಳಿಗೇ. "ತಿಟ್ಟಂಡಿ ವದಿನಾ, ಬಾಗಾ ತಿಟ್ಟಂಡಿ," ಬೈಯಿರಿ ಅತ್ತಿಗೆ, ಚೆನ್ನಾಗಿ ಬೈಯಿರಿ ಅಂತ ಆಕೆಯೇ ಮೆಟ್ಟಿಲ ಬುಡದಿಂದ ಹುರಿದುಂಬಿಸುತ್ತಿದ್ದಳು.

ಗಿರಿಜಾ ಹತ್ತಕ್ಕೆ ಬಂದಳು. ಜುಲೈ ಕಳೆಯಿತು. ಪ್ರತಿಜ್ಞೆ ಫಲಿಸುತ್ತಿದೆ ಎಂದು ಸುಮಿತ್ರಾ ಒಳಗೊಳಗೇ ಬೀಗುತ್ತಿರುವಾಗ, ಆಗಸ್ಟಿನ ಒಂದು ಸಂಜೆ ಅಶ್ವತ್ಥ ಒಂದು ಮೊಳ ಮಲ್ಲಿಗೆ, ಒಂದು ಲಕೋಟೆ ಹಿಡಿದು ಬಂದ. ಮಲ್ಲಿಗೆ ಕಂಡೇ ಅವಳಿಗೆ ಗುಮಾನಿ ಬಂತು. ಆ ಮನುಷ್ಯ ಕಾರಣವಿಲ್ಲದೆ ಹೂವು ತರುವವನಲ್ಲ.

"ಕಣ್ಣು ಮುಚ್ಕೋ," ಅಂದ.

"ಏನ್ರೀ ಅದು?"

"ನಿನ್ನ ಗೋಳು ನೋಡೋಕಾಗ್ಲಿಲ್ಲ. ಮೂರು ತಿಂಗಳ ಹಿಂದೆ ನಾನೇ ಬರ್ಕೊಂಡೆ, ಹೆಂಡತಿಗೆ ಇಲ್ಲಿನ ಹವಾ ಒಗ್ತಿಲ್ಲ ಅಂತ. ಅರಸೀಕೆರೆಗೆ ಹಾಕಿದಾರೆ! ಹದಿನಾರು ವರ್ಷದ ಮೇಲೆ ಕರ್ನಾಟಕ!"

ಸುಮಿತ್ರಾ ಗೋಡೆಗೆ ಒರಗಿ ಕೂತೇಬಿಟ್ಟಳು. "ನಾನು ಬೈದದ್ದು ಉಳ್ಕೊಳ್ಳೋಕೆ ಕಣ್ರೀ!"

"ಉಳ್ಕೊಳ್ಳೋಕೆ ಯಾರಾದ್ರೂ ಬೈತಾರಾ?"

"ಹೊಗಳಿದ ಊರೆಲ್ಲ ಬಿಡಿಸಿದಾರಲ್ಲ ನಿಮ್ಮ ಬ್ಯಾಂಕಿನೋರು!"

ಗಿರಿಜಾ ಪುಸ್ತಕ ಎಸೆದು, "ನೇನು ರಾನು! ನಾ ಟೆಂತ್ ಇಕ್ಕಡೇ!" ನಾನು ಬರಲ್ಲ, ನನ್ನ ಟೆಂತ್ ಇಲ್ಲೇ ಎಂದು ತೆಲುಗಿನಲ್ಲೇ ಅಳತೊಡಗಿದಳು. ಅವಳಿಗೆ ಅಳು, ಜಗಳ ಎರಡೂ ಈಗ ಕನ್ನಡದಲ್ಲಿ ಸರಿಯಾಗಿ ಬರುತ್ತಿರಲಿಲ್ಲ. ಅಶ್ವತ್ಥ ಮಲ್ಲಿಗೆಯನ್ನು ಎಲ್ಲಿಡುವುದೆಂದು ತಿಳಿಯದೆ ತನ್ನ ಕಿವಿಗೇ ನೇತುಹಾಕಿಕೊಂಡು ನಿಂತ.

ಮರುದಿನ ಆರ್ಡರ್ ರದ್ದುಪಡಿಸಲು ಅರ್ಜಿ ತಯಾರಾಯಿತು. ಹವಾ ಒಗ್ಗುವುದಿಲ್ಲ ಎಂದವಳಿಗೆ ಒಗ್ಗುತ್ತದೆಂದು ಬ್ಯಾಂಕಿನವರನ್ನು ನಂಬಿಸಬೇಕಲ್ಲ? ಹೆಂಡತಿಯ ಪತ್ರವನ್ನೂ ಜೊತೆಗಿಡುವುದೆಂದಾಯಿತು. ಸುಮಿತ್ರಾ ಹೇಳಿದಳು, ಗಿರಿಜಾ ಇಂಗ್ಲಿಷಿನಲ್ಲಿ ಬರೆದಳು. ಒಂದೂಕಾಲು ವರ್ಷ ಬಾಯಿ ಕಟ್ಟಿಟ್ಟಿದ್ದ ಪ್ರೀತಿ ನಾಲ್ಕು ಪುಟ ಹರಿಯಿತು. ಕೃಷ್ಣೆ, ಗೋಂಗೂರ, ರಾಜ್ಯಲಕ್ಷ್ಮಿ, ಎಲ್ಲ ಬಂತು. "ಬಿಸಿಲಿನ ವಿಷಯ?" ಎಂದಳು ಗಿರಿಜಾ. "ಬರಿ, ಇಲ್ಲಿನ ಬಿಸಿಲೇ ನನಗೆ ಪ್ರಾಣ. ಹಪ್ಪಳ ಒಂದೇ ದಿನಕ್ಕೆ ಒಣಗುತ್ತೆ. ಇನ್ನೂ ಸ್ವಲ್ಪ ಜಾಸ್ತಿ ಇದ್ದಿದ್ರೂ ಸಂತೋಷವೇ ಅಂತ ಬರಿ." ಹೇಳುತ್ತ ಹೇಳುತ್ತ ಅವಳು ನಿಜವಾಗಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೂರು ವಾರಕ್ಕೆ ಉತ್ತರ ಬಂತು. ಅಶ್ವತ್ಥ ಈ ಸಲ ಹೂವು ತಂದಿರಲಿಲ್ಲ. ನಿಂತೇ ಓದಿದ:

"ಮಗಳ ಪರೀಕ್ಷೆ ಮುಗಿಯುವವರೆಗೆ ವಿಜಯವಾಡದಲ್ಲಿಯೇ ಮುಂದುವರಿಯಬಹುದು."

ಗಿರಿಜಾ ಕುಣಿದಳು. ಸುಮಿತ್ರಾ ಬೆಟ್ಟದ ಮೇಲಿನ ದುರ್ಗಮ್ಮನಿಗೆ ಅಲ್ಲಿಂದಲೇ ಕೈ ಮುಗಿದಳು.

"ಇನ್ನೂ ಇದೆ," ಎಂದು ಅಶ್ವತ್ಥ ಗಂಟಲು ಸರಿಮಾಡಿಕೊಂಡ. "ಅಧಿಕಾರಿಯ ಪತ್ನಿಗೆ ಬಿಸಿಲಿನ ಮೇಲಿರುವ ವಿಶೇಷ ಅಭಿಮಾನವನ್ನು ಗಮನಿಸಿ, ಏಪ್ರಿಲ್‌ನಿಂದ ಸದರಿ ಅಧಿಕಾರಿಯನ್ನು ರೆಂಟಚಿಂತಲ ಶಾಖೆಗೆ ವರ್ಗಾಯಿಸಲಾಗಿದೆ."

ಸುಮಿತ್ರಾ ಒಂದು ಗಳಿಗೆ ಯೋಚಿಸಿದವಳು ಸೀದಾ ಕಿಟಕಿಗೆ ಹೋಗಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ರೆಂಟಚಿಂತಲ ಅಂದ್ರೆ ನಂಗೆ ತುಂಬಾ ಇಷ್ಟ! ಅಂಥಾ ಊರೇ ಇಲ್ಲ!" ಹೊಗಳಿದರೆ ತಾನೇ ಬೇಗ ಬಿಡಿಸುವುದು!

ಕೂಗಿಗೆ ಬಂದದ್ದು ಬ್ಯಾಂಕಿನವರಲ್ಲ, ರಾಜ್ಯಲಕ್ಷ್ಮಿ. ಎರಡೆರಡು ಮೆಟ್ಟಿಲು ಹಾರಿ ಬಂದಳು. "ರೆಂಟಚಿಂತಲನಾ? ಅದಿ ನಾ ಪುಟ್ಟಿಲ್ಲು ವದಿನಾ!" ತನ್ನ ತೌರುಮನೆಯೇ ಅಲ್ಲಿ! ಅಣ್ಣನ ಮನೆಯ ಅರ್ಧ ಭಾಗ ಖಾಲಿ ಇದೆ, ಅಂಗಳದಲ್ಲಿ ದೊಡ್ಡ ಬೇವಿನ ಮರ, ಹಿತ್ತಲ ತುಂಬ ಗೋಂಗೂರ ಎಂದು ಒಂದೇ ಉಸಿರಿಗೆ ಹೇಳಿದಳು.

"ಬೇವಿನ ಮರ ಇದೆಯಾ?" ಸುಮಿತ್ರಾ ಕಿಟಕಿ ಬಿಟ್ಟು ಬಂದಳು. "ಗೋಂಗೂರ ಕೆಂಪು ದಂಟಿಂದೋ, ಬಿಳೀದೋ?"

ಅಶ್ವತ್ಥ ಪೆನ್ನಿನ ಮುಚ್ಚಳ ತೆಗೆದು, ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತ. "ಮಾರಾಯ್ತಿ, ಈ ಸಲ ಮೊದಲೇ ಹೇಳ್ಬಿಡು. ಇದು ನಾಟಕದ ಹೊಗಳಿಕೆಯೋ, ನಿಜದ್ದೋ?"

ಸುಮಿತ್ರಾ ಅವನ ಕೈಯಿಂದ ಪೆನ್ನು ಕಸಿದು ಮುಚ್ಚಳ ಹಾಕಿದಳು. "ಮೊದಲು ಗೋಂಗೂರದ ದಂಟಿನ ಬಣ್ಣ ಗೊತ್ತಾಗ್ಲಿ!"