ಬಿದ್ದಂಗೆಲ್ಲಾ ದೊಡ್ಡದಾಗೂ ಗಾಡಿ

ಸ್ವಲ್ಪ ಹತ್ರ ಸರೀರಿ. ಕದಾ ಮುಂದ ಮಾಡ್ರಿ. ಬಾಜೂ ಮನಿಯಾಕಿ ಕಟ್ಟಿ ಮ್ಯಾಲ ಜ್ವಾಳ ಹಸನ ಮಾಡಾಕತ್ತಾಳ, ಆಕಿ ಕಿವಿ ಭಾಳ ಚುರುಕು. ಈಗ ನಾ ಹೇಳೂದು ಯಾರ ಮುಂದೂ ಬಾಯಿ ಬಿಡಬಾರ್ದು, ನಿಮ್ಮ ಮನಿದೇವರ ಆಣಿ ಐತಿ. ಹೇಳದ ಇರಾಕ ಆಗಲಿಲ್ಲಂದ್ರ ನನ್ನ ಹೆಸರರ ಬಿಟ್ಟು ಹೇಳ್ರಿ.

ನಾ ಸಾಲಿ ಕಟ್ಟಿ ಹತ್ತಿ ಇಳದಾಕಿ ಅಷ್ಟ. ಆದ್ರ ದೇವ್ರು ಕಣ್ಣು ಚಲೋ ಕೊಟ್ಟಾನ, ಹಿಂಗಾಗಿ ನಮ್ಮ ಮುಚ್ಚಂಡಿ ಓಣ್ಯಾಗ ಎದಿ ಧಸಕ್ ಅನ್ನೂವಂಥಾದ್ದು ಏನರ ಆದ್ರ ನನ್ನ ಮುಂದನ ಆಗತೈತಿ. ಈ ಸರತಿ ಆದದ್ದು ಆ ಬಾಜೂ ಮನಿಯಾಕಿ ಮಗಂದು. ಗಂಡ ಇಲ್ಲದಾಕಿ, ಕುರಿ ಸಾಕ್ಯಾಳ, ಇರಾಂವ ಅಂವ ಒಬ್ಬನ ಮಗ. ಡೇರಿಗೆ ಹಾಲು ಹಾಕ್ಕೊಂಡು ಸುಮ್ಮನಿದ್ದ. ಒಂದಿನ ಹೋಗಿ ಗಾಡಿ ಓಡಸೂ ಕ್ಲಬ್ಬಿಗೆ ಸೇರಿದ!

ಕ್ಲಬ್ ಅಂದ್ರ ಏನಂತೀರಿ? ಕಿರಾಣಿ ಅಂಗಡ್ಯಾಂವ, ಟಮಟಮ್ ರಿಕ್ಷಾ ಹೊಡ್ಯಾಂವ, ಶೇಗಾಂವದ ಟೇಲರ್, ಇಂಥಾವ್ರೆಲ್ಲಾ ಕೂಡಿ ರವಿವಾರ ನಮ್ಮೂರ ಬರಡು ಮಾಳಕ್ಕ ಬರ್ತಾರ. ಸುಣ್ಣದಲೆ ದೊಡ್ಡ ಗೋಲ ಬರೀತಾರ. ಆಮ್ಯಾಲ ಮೋಟರ್ ಸೈಕಲ್ ಹತ್ತಿ ಅದನ್ನ ಸುತ್ತೂದ ಸುತ್ತೂದು. ಎಲ್ಲಿಗರ ಹೋಗ್ತಾರೇನು? ಇಲ್ಲ! ಹೊಂಟಲ್ಲಿಗೇ ತಿರುಗಿ ಬರ್ತಾರ. ಅದಕ್ಕ ಪೆಟ್ರೋಲ್ ಬ್ಯಾರೆ!

ಹಾಲಿನ ಗಾಡಿ

ಮೊದಲನೇ ರೇಸಿಗೆ ಅಂವ ತನ್ನ ಹಾಲಿನ ಗಾಡೀನ ತಂದ. ದಿನಾ ಮುಂಜಾನಿ ಕ್ಯಾನು ಕಟ್ಟಿಕೊಂಡು ಹೊಲದ ಮನಿ ಮನಿ ಅಡ್ಡಾಡಿ ಹಾಲು ಕೂಡಸೂ ಗಾಡಿ ಅದು. ಕ್ಯಾನು ಬಿಚ್ಚಿಟ್ಟು ಬಂದಿದ್ದ, ಆದ್ರ ರೂಢಿ ಬಿಚ್ಚಿಟ್ಟಿರಲಿಲ್ಲ.

ನಾ ಎಮ್ಮಿ ಹಿಂಡಿ, ಹಾಲಿನ ಚರಗಿ ಹಿಡಕೊಂಡು, ಇದೇನ್ ನಡಸ್ಯಾರ ನೋಡೂಣಂತ ಮಾಳದ ದಂಡಿಗೆ ನಿಂತಿದ್ದೆ. ಎಲ್ಲಾರಿಗಿಂತ ಮುಂದ ಅಂವನ ಬಂದ. ನನ್ನ ಕೈಯಾನ ಚರಗಿ ಕಂಡದ್ದ ತಡ, ಬ್ರೇಕ್ ಒತ್ತಿ ಗಕ್ಕನ ನಿಂತ! ಹಿಂದ ಬರ್ತಿದ್ದ ಟೇಲರ್ ದಡ್ ಅಂತ ಬಂದು ಬಡದ. ಇಬ್ರೂ ಧೂಳಾಗ. ನಾ ಎದಿ ಬಡಕೊಂಡೆ.

"ಲೇ, ರೇಸಿನ್ಯಾಗ ಯಾಂವರ ನಿಂದ್ರತಾನೇನಲೇ?" ಅಂತ ಟೇಲರ್ ಒದರಾಕತ್ತ.

ಎಲ್ಲಾರೂ ಓಡೂವಾಗ ಬೀಳ್ತಾರ, ಇಂವ ನಿಂತು ಬಿದ್ದ. ಅದೂ ಹೋಗ್ಲಿ, ಬಿದ್ದಲ್ಲಿಂದನ ಕುತಗಿ ಎತ್ತಿ ಚರಗ್ಯಾಗ ಇಣುಕಿ ನೋಡಿ ಏನಂದ ಗೊತ್ತೇನ್ರಿ? "ಆಯಿ, ಇವತ್ತ ಹಾಲು ಯಾಕ ಕಡಿಮಿ ಐತಿ?"

ಕಂಬಳಿ ಚೀಲ

ಗಾಡಿ ಗಾಲಿ ಸೊಟ್ಟಾತು. ಬ್ಯಾರೆ ಮಂದಿ ಆಗಿದ್ರ ರಿಪೇರಿ ಮಾಡಸ್ತಿದ್ರು. ಇಂವ ಹಟ್ಟ್ಯಾನ ಟಗರು ಮಾರಿ ಜತ್ತದಿಂದ ಅದಕ್ಕಿಂತ ಜೋರಿನ ಗಾಡಿ ತಂದ. ಉಳದಾವ್ರಿಗೆ ಬಿದ್ರ ಬುದ್ಧಿ ಬರ್ತೈತಿ, ಇವಗ ಗಾಡಿ ಬರ್ತೈತಿ.

ಮಗನ ಮೊಣಕಾಲು ಕೆತ್ತಬಾರ್ದಂತ ತಾಯಿ ಹಳೇ ಕರೀ ಕಂಬಳಿ ಹರದು, ಎರಡೂ ಮೊಣಕಾಲಿಗೆ ಚೀಲ ಹೊಲದು ಕಟ್ಟಿದ್ಲು. ಬ್ಯಾಸಗಿ ಬಿಸಲು, ಬೆವರು, ಮ್ಯಾಲ ಕಂಬಳಿ! ಕೇಳ್ತೀರೇನು ಆ ತುರಿಕಿ? ರೇಸಿನ್ಯಾಗ ಮೊದಲ ಒಂದು ಕೈ ಬಿಟ್ಟು ಒಂದು ಮೊಣಕಾಲು ಕೆರಕೊಂಡ. ಗೆಲ್ಲೂ ಹೊತ್ತಿಗೆ ತಡ್ಯಾಕ ಆಗದ ಎರಡೂ ಕೈ ಬಿಟ್ಟು ಎರಡನ್ನೂ ಕೆರಕೊಂಡ. ನಿಂತ ಮಂದಿ ಇದೂ ಒಂದು ಕಸರತ್ತಂತ ಚಪ್ಪಾಳಿ ಬಡದ್ರು. ಗಾಡಿ ಅವನನ್ನ ಹೊತಗೊಂಡು ಸೀದಾ ಜಾಲಿ ಕಂಟ್ಯಾಗ ಹೊಕ್ಕತು.

ಸಂಜಿತನಾ ತಾಯಿ ಪಿನ್ನಿನಿಂದ ಮುಳ್ಳು ತಗದ್ಲು. ಬೆನ್ನಾಗ, ಗಲ್ಲದಾಗ, ಹೇಳಬಾರದಲ್ಲಿ ಎಲ್ಲಾ ಕಡೆ ಮುಳ್ಳು. ಕಣ್ಣಾಗ ನೀರು ತಂದು ಕೇಳಿದ್ಲು, "ಮೊಣಕಾಲಿಗೆ ಏನೂ ಆಗಿಲ್ಲಲ್ಲೋ ಅಪ್ಪಾ?"

"ಇಲ್ಲಬೇ, ಅವೆರಡ ಉಳದಾವು."

ಹೊಟ್ಟಿನ ಗಾದಿ

ಮೂರನೇ ಗಾಡಿ ಸಾಂಗ್ಲಿಯಿಂದ ಬಂತು. ಗಿಣಿ ಹಸರು. ಎಷ್ಟು ಎತ್ತರ ಅಂದ್ರ ನಾ ಹತ್ತಬೇಕಂದ್ರ ನಿಚ್ಚಣಕಿ ಹಚ್ಚಬೇಕು. ಹಟ್ಟ್ಯಾಗ ಉಳದಿದ್ದ ಟಗರೂ ಹೋದ್ವು. ಆವತ್ತ ಆಕಿ ನನ್ನ ಕಟ್ಟಿಗೆ ಬಂದು ಕುಂತು ಅಂದ್ಲು, "ಕಾಕು, ಮೊದಲ ಬಿದ್ರ ಗಾಡಿ ಮುರೀತಿತ್ತು. ಇದು ಮುರಿಯೂದಲ್ಲ. ಇನ್ನ ಮುರದ್ರ ನನ್ನ ಮಗನ ಮುರೀತಾನ." ನಾ ಓಡಿಹೋಗಿ ಆಕಿಗೆ ಒಂದು ಚರಗಿ ನೀರು ತಂದು ಕೊಟ್ಟೆ.

ಅಂಜಿಕಿಗೆ ಆಕಿ ತಾನ ಶೇಂಗಾ ಹೊಟ್ಟು ಹೊತ್ತು ಒಯ್ದು, ತಿರುವಿನ್ಯಾಗ ಗುಂಪಿ ಹಾಕಿದ್ಲು. ಬಿದ್ರ ಗಾದಿ ಮ್ಯಾಲ ಬಿದ್ದಂಗ ಆಗ್ಲಿ ಅಂತ. ರೇಸ್ ಚಾಲೂ ಆತು. ನೋಡಾಕ ಧೈರ್ಯ ಸಾಲದ ಮುಖಾ ಆಚಿಗೆ ತಿರುವಿಕೊಂಡು ಕುರಿ ಮೇಸ್ಕೊಂತ ನಿಂತ್ಲು. ಆಕಿ ಮುಖಾ ತಿರುವಿದ್ಲು, ಕುರಿ ತಿರುವಲಿಲ್ಲ. ಶೇಂಗಾ ಹೊಟ್ಟು ಕಂಡ ಮ್ಯಾಲ ಕುರಿ ಸುಮ್ಮನ ಇರ್ತಾವೇನ್ರಿ?

ಮಗ ಹೊಟ್ಟು ಐತಿ ಅನ್ನೂ ಧೈರ್ಯದ ಮ್ಯಾಲ ಜೋರು ಬಂದು ತಿರುವಿದ. ಬಿದ್ದ. ಕೆಳಗ ಬರೇ ಕಲ್ಲು! ಬಲಗೈ ಮುರೀತು.

"ನಾ ಹಾಕಿದ ಹೊಟ್ಟು ಎಲ್ಲಿ ಹೋತೋ!" ಅಂತ ಆಕಿ ಹೊಯ್ಕೊಂಡ್ಲು. ಸುತ್ತಲೂ ಅವಳ ಕುರಿ ಮೆಲಕು ಹಾಕ್ಕೊಂತ ನಿಂತಿದ್ವು. ಟೇಲರ್ ಅಂದ, "ಏನ್ ಮಾಡೂದಬೇ, ನಿನ್ನ ಮಗ ಬೀಳೂದು ತಡ ಆತು. ಪಾಪ, ಕುರಿ ಎಷ್ಟೊತ್ತಂತ ಕಾಯಬೇಕು?"

ನನ್ನ ಟಗರು

ಕೈಗೆ ಪ್ಲಾಸ್ಟರ್ ಕಟ್ಟಿದಾಗನ ದರಿಬಡಚಿಯಿಂದ ಹೆಣ್ಣಿನವ್ರು ಮನಿ ನೋಡಾಕ ಬಂದ್ರು. ಹುಡುಗಿ ಅಪ್ಪ ಹುಟ್ಟಾ ಕುರಿ ಕಾದಾಂವ. ಗಾಡಿ ಹುಚ್ಚಿನಾವಗ ಯಾರ್ ಹೆಣ್ಣು ಕೊಡ್ತಾರ? ಅದಕ್ಕ ಗಾಡಿ ನನ್ನ ದನದ ಕೊಟಗ್ಯಾಗ ಅಡಗಿಸಿ, "ಟಗರು ಗುದ್ದಿ ಕೈ ಮುರೀತ್ರಿ" ಅಂತ ತಾಯಿ ಹೇಳಿದ್ಲು.

"ಹೌದಾ? ಅಂಥಾ ಟಗರು ನೋಡಬೇಕಲ್ಲ!" ಅಂತ ಆ ಮನಶ್ಯಾ ಎದ್ದ ನಿಂತ.

ಟಗರೆಲ್ಲಾ ಗಾಡಿ ಆಗಿ ಹೋಗ್ಯಾವು, ಎಲ್ಲಿಂದ ತೋರಸೂದು? ನಾ ಹಿತ್ತಲ ಹಾದಿಲೆ ಓಡಿ ನನ್ನ ಟಗರನ್ನ ತಂದು ನಿಲ್ಲಿಸಿದೆ. ಅದು ನನ್ನ ಕೈಯಾನ ರೊಟ್ಟಿ ತಿಂದು ಬೆಳದದ್ದು. ಸಿಟ್ಟು ಅಂದ್ರ ಏನಂತ ಅದಕ್ಕ ಗೊತ್ತಿಲ್ಲ. ಸೀದಾ ಹೋಗಿ ಆ ಮನಶ್ಯಾನ ಅಂಗೈ ನೆಕ್ಕಿ, ಅವನ ಕಾಲ ಮ್ಯಾಲ ತಲಿ ಇಟ್ಟು ಮಲಗಿಬಿಟ್ಟತು.

ಆತ ಟಗರು ನೋಡಿದ, ಹುಡುಗನ್ನ ನೋಡಿದ. "ಬೀಗತಿ, ಇಂಥಾ ಟಗರು ಗುದ್ದಿ ಕೈ ಮುರಕೊಳ್ಳೂ ಹುಡುಗಗ ನನ್ನ ಮಗಳನ್ನ ಹೆಂಗ ಕೊಡ್ಲಿ?"

ದರಿಬಡಚಿ ಹುಡುಗಿ

"ನೋಡೂಣು" ಅಂದು ಹೋದ್ರು. ಅವರು ಓಣಿ ದಾಟಿದ್ದ ತಡ, ಆಕಿ ನನ್ನ ಸೆರಗು ಜಗ್ಗಿ, "ಕಾಕು, ಟಗರಲ್ಲ ಗಾಡಿ ಅಂತ ಅವರಿಗೆ ಗೊತ್ತಾಗಬಾರ್ದು. ದರಿಬಡಚ್ಯಾಗ ನಿಮ್ಮ ತಂಗಿ ಅದಾಳಲ್ಲ, ಆಕಿಗಂತೂ ಹೇಳಬ್ಯಾಡ್ರಿ" ಅಂದ್ಲು. ನಾ ಆಣಿ ಮಾಡಿದೆ. ಯಾರಿಗೂ ಹೇಳಲಿಲ್ಲ. ತಂಗಿಗೆ ಅಷ್ಟ ಫೋನಿನ್ಯಾಗ ಹೇಳಿದೆ, ಅದೂ ಸಣ್ಣ ದನೀಲೆ.

ಕೈ ಕೂಡಿದ ಮ್ಯಾಲ ದರಿಬಡಚಿಯಿಂದ ನಿರೋಪ ಬಂತು: "ಹುಡುಗ ಗಾಡಿ ಓಡಸೂದು ನೋಡಾಕ ಬರ್ತೇವಿ." ನನ್ನ ಬಾಯಿಲೆ ಒಂದು ಲಗ್ನ ಮುರದಂಗಾತಲ್ಲ!

ರವಿವಾರ ಅಪ್ಪ ಮಗಳು ಇಬ್ರೂ ಮಾಳಕ್ಕ ಬಂದು ನಿಂತ್ರು. ಇಂವ ಚಲೋನ ಓಡಸ್ತಿದ್ದ. ತಿರುವಿನ್ಯಾಗ ಮಾವ ಆಗಾವರು ಕಂಡ್ರು. ಹಿರೇರು ಕಂಡ್ರ ಕೈ ಮುಗೀಬೇಕಂತ ತಾಯಿ ಕಲಿಸ್ಯಾಳ. ಗಾಡಿ ಮ್ಯಾಲಿಂದನ ಎರಡೂ ಕೈ ಎತ್ತಿ ಮುಗದ. ಉರುಳ್ಯಾಡಿಕೊಂತ ಬಂದು ಮಾವನ ಕಾಲಿಗೇ ಬಿದ್ದ. ನಮಸ್ಕಾರ ಪೂರ್ತಿ ಆತು!

ಪುಣ್ಯಾ, ಎಲುಬು ಮುರೀಲಿಲ್ಲ. ತಾಯಿ ಬೀಗನ ಬಾಯಿ ನೋಡಾಕತ್ಲು. ಆತ ಬಾಯಿ ತಗ್ಯೂದ್ರಾಗ ಆ ಹುಡುಗಿ ಓಡಿಹೋಗಿ ಬಿದ್ದ ಗಾಡಿ ಎತ್ತಿದ್ಲು, ಓಢಣಿ ಟೊಂಕಕ್ಕ ಕಟ್ಟಿದ್ಲು, ಹತ್ತಿ ಹೊಂಟ ಬಿಟ್ಲು! ಯವ್ವಾ ಯವ್ವಾ, ಹೆಣ್ಣು ಹುಡುಗಿರಿ, ಇನ್ನೂ ಲಗ್ನ ಆಗಿಲ್ಲ! ಸುತ್ತ ಹಾಕಿದ್ಲು, ಟೇಲರನ್ನ ಹಿಂದ ಹಾಕಿದ್ಲು, ಹೊಂಟಲ್ಲಿಗೇ ಬಂದು ನಿಂತ್ಲು. ಬೀಳಲಿಲ್ಲ.

"ಗಾಡಿ ಮ್ಯಾಲ ಕುರಿ ಹಿಂದ ಅಡ್ಡಾಡಿ ಕಲ್ತಾಳ," ಅಂದ ಅಪ್ಪ, ಏನೂ ಆಗೇ ಇಲ್ಲ ಅನ್ನೂವಂಗ. "ಲಗ್ನ ಮಾಡೂಣು ಬೀಗತಿ. ನಮ್ಮಲ್ಲಿ ಅಳಿಯಗ ಟಗರು ಕೊಡೂ ಪದ್ಧತಿ ಐತಿ. ಇವಗ ಕೊಟ್ರ ಮಾರ್ತಾನ. ಅದಕ್ಕ ಮಗಳಿಗೇ ಒಂದು ಗಾಡಿ ಕೊಡ್ತೇನಿ."

ಲಗ್ನ ಉಳೀತಂತ ನನ್ನ ಜೀವಕ್ಕ ಜೀವ ಬಂತು. ನಕ್ಕೋಂತ ಹೋಗಿ ಹುಡುಗನ ತಾಯಿ ಬಾಯಾಗ ಸಕ್ಕರಿ ಹಾಕಾಕ ಹೋದೆ. ಆಕಿ ನನ್ನ ಕೈ ಹಿಡದು ನಿಲ್ಲಿಸಿ, ಮುಖಕ್ಕ ಮುಖಾ ಕೊಟ್ಟು ಅಂದ್ಲು:

"ಮನ್ಯಾನ ಆ ಒಂದು ಗಾಡಿ ಹೋಗ್ಲಿ ಅಂತ ಬೇಕಂತನ ನಿಮಗ ತಂಗಿ ಮುಂದ ಹೇಳಬ್ಯಾಡ್ರಿ ಅಂದಿದ್ದೆ ಕಾಕು. ಬೀಗರು ಗಾಡಿ ಬಿಟ್ರನ ಹೆಣ್ಣು ಕೊಡ್ತೇವಿ ಅಂತಾರ, ನನ್ನ ಮಗ ಬಿಡ್ತಾನ ಅಂತ ತಿಳದಿದ್ದೆ. ಈಗ ನೋಡ್ರಿ, ಬಾಗಲಾಗ ಎರಡು ನಿಂದ್ರತಾವ. ನಿಮ್ಮ ಬಾಯಿಗೆ ಬ್ರೇಕ್ ಇಲ್ಲಂತ ಊರಿಗೆಲ್ಲಾ ಗೊತ್ತಿತ್ತು. ಹ್ಯಾಂಡಲ್ಲೂ ಇಲ್ಲಂತ ನನಗ ಇವತ್ತ ಗೊತ್ತಾತು."