ಸುನಂದಾ ಅವರ ಎಡಗಾಲಿನ ಮಂಜೂರಾತಿ

ಕಮಲಾಪುರದ ಸುನಂದಾ ಅವರಿಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಎಡಗಾಲು ಮಂಜೂರಾಗಿದೆ. ಹುಟ್ಟಿನಿಂದ ಇಲ್ಲದಿದ್ದ ಆ ಕಾಲು ಸದ್ಯ ಕಲಬುರಗಿಯ ಸೇಡಂ ರಸ್ತೆಯ ಅಂಗವೈಕಲ್ಯ ಮರುಪರಿಶೀಲನಾ ಕಚೇರಿಯ ಫೈಲಿನಲ್ಲಿ ಕ್ಷೇಮವಾಗಿದೆ. ಆ ಫೈಲು ನೋಡಿಕೊಳ್ಳುವ ಗುಮಾಸ್ತ ನಾನು.

ಅವರು ಬಂದದ್ದು ಪ್ರಮಾಣಪತ್ರದ ನವೀಕರಣಕ್ಕೆ. ಅದು ತಪ್ಪಿದರೆ ಇಲಾಖೆ ಕೊಟ್ಟ ಮೂರು ಗಾಲಿಯ ಸ್ಕೂಟರ್ ವಾಪಸು ಹೋಗುತ್ತದೆ. ಸ್ಕೂಟರ್ ಹೋದರೆ ಅವರು ಮಾರುವ ಕಮಲಾಪುರದ ಕೆಂಪು ಬಾಳೆಹಣ್ಣು ಶಹಾಬಜಾರಿಗೆ ತಾನೇ ನಡೆದು ಬರುವುದಿಲ್ಲ. ನಮ್ಮ ಕಚೇರಿ ಎರಡನೇ ಮಹಡಿಯಲ್ಲಿದೆ. ಲಿಫ್ಟಿನಲ್ಲಿ ಹಳೆಯ ಫೈಲುಗಳನ್ನು ಇಟ್ಟಿದ್ದೇವೆ. ಸುನಂದಾ ಊರುಗೋಲು ಊರಿ, ಮೆಟ್ಟಿಲಿಗೊಂದು ಬೈಗುಳದಂತೆ ಮೂವತ್ತೆಂಟು ಮೆಟ್ಟಿಲು ಹತ್ತಿದರು.

"ಹತ್ತಿ ಬಂದೀರಿ," ಎಂದು ಅಧಿಕಾರಿ ರಘೂತ್ತಮ ಅವರು ಬರೆದುಕೊಂಡರು. "ಲಗ್ನ ಆಗ್ಯಾದೇನ್ರಿ?"

"ಆಗ್ಯಾದ್ರಿ. ಇಬ್ಬರು ಮಕ್ಕಳು."

"ಗಂಡನ ಜೋಡಿ ಜಗಳಾ?"

"ದಿನಾ ಮಾಡ್ತೇನ್ರಿ. ನಾನೇ ಗೆಲ್ತೀನಿ," ಎಂದು ಸುನಂದಾ ನಕ್ಕರು.

ನಿಯಮ ಹದಿನಾಲ್ಕರ ಪ್ರಕಾರ ಅರ್ಜಿದಾರರು ದುಃಖದಲ್ಲಿರತಕ್ಕದ್ದು. ಲಗ್ನಕ್ಕೆ ಶೇಕಡಾ ಇಪ್ಪತ್ತು, ಮಕ್ಕಳಿಗೆ ತಲಾ ಹತ್ತು, ಗೆದ್ದ ಜಗಳಕ್ಕೆ ಹದಿನೈದು, ಕಚೇರಿಯಲ್ಲಿ ನಕ್ಕದ್ದಕ್ಕೆ ಐದು ಕಳೆದು, ಎಪ್ಪತ್ತರಷ್ಟಿದ್ದ ವೈಕಲ್ಯ ಹತ್ತಕ್ಕಿಳಿಯಿತು. ಹತ್ತಕ್ಕಿಳಿದರೆ ಕಾಲು ಇದೆಯೆಂದೇ ಭಾವಿಸತಕ್ಕದ್ದು.

"ಸಾಹೇಬ್ರ, ಆ ಕಾಲು ಎಲ್ಲದ, ತೋರಸ್ರಿ."

"ಫೈಲಿನ್ಯಾಗ ಅದ. ನಕಲು ಬೇಕಂದ್ರ ಅರ್ಜಿ ಹಾಕ್ರಿ."

ಸುನಂದಾ ಅವರಿಗೆ ಸಿಟ್ಟು ಬಂತು. ನನಗೂ ಬಂತು, ಆದರೆ ನನ್ನ ಸಿಟ್ಟಿಗೆ ಮೇಲಧಿಕಾರಿಯ ರುಜು ಬೇಕಾಗುತ್ತದೆ.

ಅಂದೇ ಊಟಕ್ಕೆ ಇಳಿಯುವಾಗ ರಘೂತ್ತಮ ಅವರು ಕೊನೆಯ ಮೆಟ್ಟಿಲಿನಲ್ಲಿ ಕಾಲು ಉಳುಕಿಸಿಕೊಂಡರು. ಅವರಿಗೆ ಲಗ್ನವಾಗಿಲ್ಲ, ಮಕ್ಕಳಿಲ್ಲ, ಜಗಳವಾಡುವಷ್ಟು ಹತ್ತಿರದವರು ಯಾರೂ ಇಲ್ಲ. ಅವರು ನಕ್ಕದ್ದನ್ನು ಈ ಕಚೇರಿಯಲ್ಲಿ ಕಂಡವರಿಲ್ಲ. ತಮ್ಮ ಉಳುಕನ್ನು ತಾವೇ ಪರಿಶೀಲಿಸಿ ನೂರರಿಂದ ಎಣಿಸತೊಡಗಿದರು; ಕಳೆಯಲು ಏನೂ ಸಿಗದೆ ವೈಕಲ್ಯ ಪೂರ್ತಿ ನೂರಕ್ಕೆ ನಿಂತಿತು. ಸುನಂದಾ ಅವರಿಂದ ವಾಪಸು ಪಡೆದ ಸ್ಕೂಟರ್ ಸಾಹೇಬರ ಹೆಸರಿಗಾಯಿತು. ಓಡಿಸಲು ಬಾರದ ಫಲಾನುಭವಿಗೆ ಎರಡು ಕಾಲುಳ್ಳ ಸಹಾಯಕರನ್ನು ಕೊಡಬಹುದೆಂದು ನಿಯಮ ಹದಿನೈದು ಹೇಳುತ್ತದೆ. ಎರಡು ಕಾಲಿರುವುದಾಗಿ ನಮ್ಮ ಕಚೇರಿ ದೃಢೀಕರಿಸಿರುವುದು ಒಬ್ಬರಿಗೇ. ಅವರನ್ನೇ ನೇಮಿಸುವ ಟಿಪ್ಪಣಿಯನ್ನು ನಾನು ಮಂಡಿಸಿದೆ, ಸಾಹೇಬರು ಓದದೆ ರುಜು ಹಾಕಿದರು.

ಈಗ ದಿನಾ ಬೆಳಿಗ್ಗೆ ಸುನಂದಾ ಶಹಾಬಜಾರಿಗೆ ಹಣ್ಣು ಹಾಕಿ, ಕುಸನೂರಿನ ಮನೆಗೆ ಹೋಗಿ ಸಾಹೇಬರನ್ನು ಕಚೇರಿಗೆ ಕರೆತರುತ್ತಾರೆ. ಮೊದಲ ದಿನ ಹಿಂದಿನ ಸೀಟಿನಲ್ಲಿ, ಉಳಿದ ಬಾಳೆಗೊನೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಸಾಹೇಬರು, "ಸುನಂದಾಬಾಯಿ, ಸಾವಕಾಶ ಹೊಡೀರಿ," ಎಂದರಂತೆ.

"ಗಟ್ಟಿ ಹಿಡ್ಕೋರಿ ಸಾಹೇಬ್ರ," ಎಂದರಂತೆ ಅವರು. "ನಂದು ಹೊಸಾ ಕಾಲು."